ಸ್ಕ್ಯಾನಿಂಗ್‌ನಾಗ ಕಾಣಲಿಲ್ಲೇನು?

ಮಗಳಿಗೆ ಕುಡಿಸಿದ ಹಾಲು ಮೂಗಿನಿಂದ ಹೊರಬಂದದ್ದನ್ನು ಮೊದಲು ನೋಡಿದವಳು ನಮ್ಮವ್ವ. ಮಕ್ಕಳ ಡಾಕ್ಟರು ಬಂದು ಕೂಸಿನ ಬಾಯಿಗೆ ಟಾರ್ಚ್ ಹಿಡಿದು, ಕಿರುಬೆರಳಿಂದ ಅಂಗುಳ ಸವರಿ ನೋಡಿದರು. ತುಟಿ ಸರಿಯಾಗಿಯೇ ಇತ್ತು, ಹಿಂಭಾಗದ ಅಂಗುಳ ಸೀಳಿತ್ತು. ಕೂಸು ನೋಡಲು ಹಾವೇರಿಯ ನಮ್ಮ ಮನೆಗೆ ಬಂದವರೆಲ್ಲರದೂ ಆಮೇಲೆ ಒಂದೇ ಪ್ರಶ್ನೆ: “ಸ್ಕ್ಯಾನಿಂಗ್ ಮಾಡಿಸಿದ್ರಲ್ಲ, ಅದರಾಗ ಕಾಣಲಿಲ್ಲೇನು?” ಓಣಿಯ ಅಜ್ಜಿ ಮಾತ್ರ, “ಗ್ರಹಣದಾಗ ಹೊರಗ ಬಂದಿದ್ದೇನವ್ವಾ?” ಎಂದಳು. ಅಜ್ಜಿಗೆ ಇಲ್ಲ ಎಂದರೆ ಮುಗಿಯುತ್ತಿತ್ತು. ಉಳಿದವರಿಗೆ ಹೇಳಲು ನನ್ನ ಬಳಿ ಉತ್ತರವಿರಲಿಲ್ಲ.

ಐದನೇ ತಿಂಗಳಲ್ಲಿ ಕೂಸಿನ ಅಂಗಾಂಗ ನೋಡಲು ಮಾಡುವ ಅನಾಮಲಿ ಸ್ಕ್ಯಾನ್‌ನ ವರದಿ ತೆಗೆದು ಓದಿದೆ. ಮುಖದ ಸಾಲಿನಲ್ಲಿ ಕಣ್ಣು, ಮೂಗು, ಮೇಲ್ತುಟಿ ಇದ್ದವು. ಅಂಗುಳದ ಮಾತೇ ಇಲ್ಲ. ಕೊನೆಯಲ್ಲಿ, ಲಿಂಗ ತಿಳಿಸಿಲ್ಲವೆಂಬ ಘೋಷಣೆಯ ಪಕ್ಕ, ಎಲ್ಲ ನ್ಯೂನತೆಗಳೂ ಸ್ಕ್ಯಾನ್‌ನಲ್ಲಿ ಕಾಣುವುದಿಲ್ಲ ಎಂದು ಸಣ್ಣಕ್ಷರದಲ್ಲಿತ್ತು. ಔಷಧಿ ಚೀಟಿಯನ್ನಾದರೂ ನಾಲ್ಕು ಸಲ ಓದುವ ನಾವು ಇಂಥದ್ದನ್ನು ಫೈಲಿಗೆ ಸೇರಿಸಿ ಸುಮ್ಮನಾಗುತ್ತೇವೆ.

ಶಸ್ತ್ರಚಿಕಿತ್ಸೆಗೆಂದು ಓಡಾಡುವಾಗ ರೇಡಿಯಾಲಜಿಸ್ಟ್ ಒಬ್ಬರು ಬಿಡಿಸಿ ಹೇಳಿದರು. ಅಂಗುಳ ದವಡೆಯ ಹಿಂದಿದೆ. ಮೂಳೆ ಶಬ್ದದ ಅಲೆಗಳನ್ನು ತಡೆಯುವುದರಿಂದ ಅದರ ಹಿಂದೆ ಬರೀ ನೆರಳು. ಸಾಲದ್ದಕ್ಕೆ ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿರುತ್ತದೆ, ಕೂಸು ಕೈ ಅಡ್ಡ ಇಟ್ಟುಕೊಂಡಿರುತ್ತದೆ. ಹೀಗಾಗಿ ಬರೀ ಅಂಗುಳ ಸೀಳಿದ್ದರೆ ಹುಟ್ಟುವ ಮುಂಚೆ ಗೊತ್ತಾಗುವುದೇ ಅಪರೂಪ.

ಸ್ಕ್ಯಾನ್‌ನಲ್ಲಿ ಎಷ್ಟು ನ್ಯೂನತೆ ಸಿಗುತ್ತದೆ ಎಂಬುದಕ್ಕೆ ಒಂದೇ ಲೆಕ್ಕವಿಲ್ಲ. ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆಯು 18ರಿಂದ 20 ವಾರದ ಸ್ಕ್ಯಾನ್‌ಗೆ ಇಟ್ಟುಕೊಂಡ ಅಂದಾಜು ನೋಡಿ: ತಲೆಬುರುಡೆ ಬೆಳೆಯದಿದ್ದರೆ ನೂರಕ್ಕೆ 98, ಬೆನ್ನುಹುರಿ ತೆರೆದಿದ್ದರೆ 90, ಸೀಳುತುಟಿ 75, ಗಂಭೀರ ಹೃದಯದೋಷ ಬರೀ 50. ಅಮೆರಿಕದಲ್ಲಿ 1993ರಲ್ಲಿ ಪ್ರಕಟವಾದ ರೇಡಿಯಸ್ ಅಧ್ಯಯನದಲ್ಲಿ, ಎಲ್ಲರಿಗೂ ಸ್ಕ್ಯಾನ್ ಮಾಡಿದ ಗುಂಪಿನಲ್ಲೂ ದೊಡ್ಡ ನ್ಯೂನತೆಗಳಲ್ಲಿ ಹುಟ್ಟುವ ಮೊದಲು ಸಿಕ್ಕಿದ್ದು ನೂರಕ್ಕೆ 35. ಅಂದಿನ ಯಂತ್ರಗಳು ಹಳೆಯವು, ನಿಜ. ಆದರೆ ಯಂತ್ರ ಎಷ್ಟೇ ಹೊಸದಾದರೂ ಕೆಲವು ಸಂಗತಿ ಹುಟ್ಟುವವರೆಗೆ ತೀರ್ಮಾನವಾಗುವುದೇ ಇಲ್ಲ. ಹೃದಯದ ಮೇಲಿನ ಎರಡು ಕೋಣೆಗಳ ನಡುವೆ ಹೊಟ್ಟೆಯೊಳಗಿನ ಎಲ್ಲ ಕೂಸುಗಳಿಗೂ ಕಿಂಡಿ ಇರುತ್ತದೆ. ಅದು ಆಮೇಲೆ ಮುಚ್ಚುತ್ತದೋ ಇಲ್ಲವೋ ಯಾರು ಹೇಳಬೇಕು?

ಮುಂಚೆಯೇ ಗೊತ್ತಾಗಿದ್ದರೆ ಏನಾಗುತ್ತಿತ್ತು ಎಂದು ಬಹಳ ಯೋಚಿಸಿದ್ದೇನೆ. ನಮ್ಮ ಮಗಳ ಮಟ್ಟಿಗೆ ಹೆಚ್ಚೇನಿಲ್ಲ: ಮೊದಲ ದಿನದ ಗಾಬರಿ ತಪ್ಪುತ್ತಿತ್ತು, ಅವ್ವ ಅಟ್ಟದಿಂದ ಹಾಲು ಕುಡಿಸುವ ಒಳಲೆಯನ್ನು ಮೊದಲೇ ಇಳಿಸಿ ತೊಳೆದಿಡುತ್ತಿದ್ದಳು. ಕೂಸನ್ನು ನೆಟ್ಟಗೆ ಕೂರಿಸಿಕೊಂಡು, ಹಿಂಡಿದ ಎದೆಹಾಲನ್ನು ಕೆನ್ನೆಯ ಪಕ್ಕದಿಂದ ತೊಟ್ಟುತೊಟ್ಟಾಗಿ ಬಿಟ್ಟು, ನಡುನಡುವೆ ತೇಗಿಸಿ ಬೆಳೆಸಿದೆವು. ಮಾತು ಕಲಿಯುವ ಮುನ್ನವೇ ಅಂಗುಳ ಹೊಲಿದರು. ಸ್ಮೈಲ್ ಟ್ರೇನ್ ಎಂಬ ಸಂಸ್ಥೆಯ ನೆರವಿನಿಂದ ಇದನ್ನು ಉಚಿತವಾಗಿ ಮಾಡುವ ಆಸ್ಪತ್ರೆಗಳು ರಾಜ್ಯದಲ್ಲಿವೆ. ಆದರೆ ಹೃದಯದ ದೊಡ್ಡ ರಕ್ತನಾಳಗಳು ಅದಲುಬದಲಾದ ಕೂಸಿನ ಕಥೆ ಹಾಗಲ್ಲ. ಮೊದಲೇ ತಿಳಿದರೆ ಹೃದಯ ಶಸ್ತ್ರಚಿಕಿತ್ಸೆ ಇರುವ ಊರಿನಲ್ಲೇ ಹೆರಿಗೆ ಮಾಡಿಸಬಹುದು. ತಿಳಿಯದಿದ್ದರೆ ಮೊದಲ ಗಂಟೆಗಳೇ ಕೈಜಾರುತ್ತವೆ. ಸ್ಕ್ಯಾನ್‌ನಲ್ಲಿ ಹೆಣ್ಣೋ ಗಂಡೋ ಎಂದು ಪಿಸುಗುಟ್ಟಿ ಕೇಳುವವರು ಹೃದಯದ ನಾಲ್ಕೂ ಕೋಣೆ, ಹೊರಡುವ ನಾಳಗಳು ಕಂಡವೇ ಎಂದು ಕೇಳಿದ್ದನ್ನು ನಾನಂತೂ ನೋಡಿಲ್ಲ.

ತಂಗಿ ಬಸುರಿಯಾದಾಗ ನಾನು ಹಟ ಹಿಡಿದದ್ದು ಸ್ಕ್ಯಾನ್ ಎಷ್ಟನೇ ವಾರಕ್ಕೆ ಎಂಬ ವಿಷಯಕ್ಕೆ. ಅವಳ ಅತ್ತೆ, “ಸೀಮಂತ ಆಗಲಿ, ಆಮ್ಯಾಲ ಹೋಗೂಣು” ಎಂದಿದ್ದರು. ಗರ್ಭಪಾತ ಕಾಯ್ದೆಯ 2021ರ ತಿದ್ದುಪಡಿಯ ನಂತರ ಕೂಸಿಗೆ ಗಂಭೀರ ನ್ಯೂನತೆಯಿದ್ದರೆ 24 ವಾರ ದಾಟಿದ ಮೇಲೂ ಗರ್ಭಪಾತಕ್ಕೆ ದಾರಿಯಿದೆ, ಆದರೆ ಅದು ವೈದ್ಯಕೀಯ ಮಂಡಳಿಯ ಮುಂದೆ ಹೋಗಬೇಕು. ಅನುಮಾನ ಬಂದರೆ ಕೂಸಿನ ಹೃದಯ ನೋಡುವ ಫೀಟಲ್ ಎಕೋ, ಗರ್ಭದ ನೀರಿನ ಪರೀಕ್ಷೆ, ಇನ್ನೊಬ್ಬ ತಜ್ಞರ ಅಭಿಪ್ರಾಯ ಎಲ್ಲಕ್ಕೂ ದಿನ ಹಿಡಿಯುತ್ತದೆ. ಇದನ್ನೆಲ್ಲ ಹೇಳಿ ಹತ್ತೊಂಬತ್ತನೇ ವಾರಕ್ಕೇ ಕರೆದೊಯ್ದೆ. ಡಾಕ್ಟರಿಗೆ ನಮ್ಮ ಮಗಳ ವಿಷಯವನ್ನೂ ಹೇಳಿದೆ. ಅವರು ತಂಗಿಯನ್ನು ಎರಡು ಸಲ ಹೊರಗೆ ನಡೆದಾಡಿಸಿ ಕರೆದು ನೋಡಿದರು. ಕೊನೆಗೆ ಮೇಲ್ತುಟಿ ಕಂಡಿದೆ, ಅಂಗುಳ ಪೂರ್ತಿ ಕಾಣಲಿಲ್ಲ, ಹುಟ್ಟಿದ ಕೂಡಲೇ ಬಾಯಿ ಪರೀಕ್ಷಿಸಿ ಎಂದು ವರದಿಯಲ್ಲೇ ಬರೆದರು.