ಮುಗಿಲು ನೋಡಿ ನಿದ್ರೆಗೆಡುವವರಿಗೆ



ಆರಿದ್ರೆಗೆ ಇಂಥ ಬೀಜ, ಪುಷ್ಯಕ್ಕೆ ಇಂಥ ಕೆಲಸ ಎಂದು ಹಿರಿಯರು ಇಟ್ಟುಕೊಂಡಿದ್ದ ಲೆಕ್ಕ ಪದೇ ಪದೇ ತಪ್ಪುತ್ತಿರುವುದನ್ನು ನೀವೇ ಕಂಡಿದ್ದೀರಿ. 2023ರಲ್ಲಿ ಮುಂಗಾರು ಕೈಕೊಟ್ಟು, ನಮ್ಮ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಿಸಲ್ಪಟ್ಟವು. ಆ ವರ್ಷ ಜಗಲಿಯ ಮೇಲೆ ಕುಳಿತಿದ್ದ ಹಿರಿಯರೊಬ್ಬರು, "ಹೋದ ಬೆಳೆಗಲ್ಲ ಕಣಪ್ಪಾ, ಮುಂದೆ ಹೆಂಗೆ ಅನ್ನೋ ಯೋಚನೆಗೆ ರಾತ್ರಿ ಕಣ್ಣು ಮುಚ್ಚಲ್ಲ" ಎಂದರು. ನಾನು ಅಲ್ಪಾವಧಿ ತಳಿಯೊಂದರ ಹೆಸರು ಹೇಳಿ ಎದ್ದು ಬಂದೆ. ಡಿಪ್ಲೊಮಾದಲ್ಲಿ ಕಲಿತದ್ದು ಅಷ್ಟೇ. ಅವರು ಕೇಳಿದ್ದು ತಳಿಯ ಹೆಸರಲ್ಲವೆಂಬುದು ಆಮೇಲೆ ತಿಳಿಯಿತು.

ಮೊದಲಿಗೆ, ಇದು ಊರಿನ ಯಾರ ಪಾಪದ ಫಲವೂ ಅಲ್ಲ. ಲೋಕವೆಲ್ಲ ನೂರೈವತ್ತು ವರ್ಷಕ್ಕೂ ಮೇಲ್ಪಟ್ಟು ಕಲ್ಲಿದ್ದಲು, ಎಣ್ಣೆಗಳನ್ನು ಸುಟ್ಟುದರಿಂದ ಎದ್ದ ಇಂಗಾಲಾಮ್ಲವು ಕಂಬಳಿ ಹೊದಿಸಿದಂತೆ ಭೂಮಿಯ ಶಾಖವನ್ನು ಹಿಡಿದಿಟ್ಟಿದೆ. ಗಾಳಿ ಒಂದು ಡಿಗ್ರಿ ಕಾದರೆ ನೂರಕ್ಕೆ ಸುಮಾರು 7ರಷ್ಟು ಹೆಚ್ಚು ನೀರಾವಿಯನ್ನು ಹೊರಬಲ್ಲದು. ಆದುದರಿಂದ ಮಳೆ ಬಂದರೆ ಒಮ್ಮೆಗೇ ಸುರಿದು ಮಣ್ಣು ಕೊಚ್ಚುವುದು, ಬಾರದಿದ್ದರೆ ವಾರಗಟ್ಟಲೆ ಬಾರದಿರುವುದು ಹೆಚ್ಚುತ್ತಿದೆ. ಎರಡೆಕರೆ ರಾಗಿ ಬೆಳೆಯುವವರು ಇದಕ್ಕೆ ತಮ್ಮನ್ನು ಹಳಿದುಕೊಳ್ಳಬೇಕಾಗಿಲ್ಲ.

ಕಳವಳವೂ ರೋಗವಲ್ಲ. ಹಸು ಈಯುವ ರಾತ್ರಿ ಯಾರಿಗೆ ನಿದ್ರೆ ಬರುತ್ತದೆ? ಆದರೆ ಒಬ್ಬರೇ ಮಲಗಿ ಯೋಚಿಸಿದರೆ ಅದು ಎಳ್ಳಿಲ್ಲದ ಗಾಣದಂತೆ ಬರಿದೇ ಸುತ್ತುತ್ತದೆ. ಅದಕ್ಕೊಂದು ಕೆಲಸವನ್ನೂ ಒಂದು ತಾರೀಖನ್ನೂ ಕೊಡಿ. ಹಗಲು ಹೊತ್ತಿನಲ್ಲಿ ಮನೆಯವರೊಡನೆ ಕುಳಿತು ಪುಸ್ತಕದಲ್ಲಿ ಬರೆಯಿರಿ: ಜುಲೈ ಕೊನೆಯವರೆಗೆ ಹದ ಮಳೆಯಾಗದಿದ್ದರೆ ದೀರ್ಘಾವಧಿ ರಾಗಿ ಬಿಟ್ಟು ಜಿಪಿಯು-28, ಆಗಸ್ಟ್ ನಡುಭಾಗ ದಾಟಿದರೆ ಜಿಪಿಯು-48. ಎಂಟು ಸಾಲು ರಾಗಿಗೆ ಎರಡು ಸಾಲು ತೊಗರಿ ಹಾಕಿ, ಆ ಎರಡರ ನಡುವೆ ನೀರು ಇಂಗಲು ಒಂದು ದೋಣಿ ಸಾಲು ಬಿಡಿ. ರಾಗಿ ಸೊರಗಿದರೂ ತೊಗರಿ ಆಳಕ್ಕೆ ಬೇರಿಳಿಸಿ ನಿಂತೀತು. ಸಾಲದ ಲೆಕ್ಕವನ್ನೂ ಅದೇ ಪುಸ್ತಕದಲ್ಲಿ ಬರೆಯಿರಿ. ಮನೆಯಾಕೆಯಿಂದ ಅದನ್ನು ಮುಚ್ಚಿಟ್ಟಿರುವಿರೆಂದು ನೀವು ತಿಳಿದಿರಬಹುದು. ಆಕೆ ಹೇಗೂ ಬಲ್ಲರು.

ಹೀಗೆ ಬರೆದ ಮೇಲೆ ನಡುರಾತ್ರಿ ಯೋಚನೆ ಎದ್ದರೆ, "ಆ ಮಾತು ಜುಲೈ 31ಕ್ಕೆ" ಎಂದು ಬದಿಗಿಡಲು ಬರುತ್ತದೆ. ಹವಾಮಾನ ಇಲಾಖೆಯ ಕೃಷಿ ಸಲಹೆ ಮಂಗಳವಾರ ಮತ್ತು ಶುಕ್ರವಾರ ಹೊರಡುತ್ತದೆ. ಅದನ್ನು ನೋಡಿದರೆ ಸಾಕು. ದಿನವೆಲ್ಲ ಮೊಬೈಲಿನಲ್ಲಿ ಪ್ರಳಯದ ಚಿತ್ರ ನೋಡುವುದರಿಂದ ಒಂದು ಹನಿಯೂ ಹೆಚ್ಚಾಗಿ ಬೀಳದು.

ಆದರೆ ಎರಡು ವಾರ ಕಳೆದರೂ ನಿದ್ರೆ, ಊಟ ಸೇರದಿದ್ದರೆ, ಕೆಲಸದಲ್ಲಿ ಮನಸ್ಸು ನಿಲ್ಲದಿದ್ದರೆ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರನ್ನು ಕಾಣತಕ್ಕದ್ದು. 14416ಕ್ಕೆ ದೂರವಾಣಿ ಮಾಡಿದರೆ ಹಗಲು ರಾತ್ರಿ ಕನ್ನಡದಲ್ಲಿ ಮಾತನಾಡುವವರಿದ್ದಾರೆ, ಹಣ ಕೊಡಬೇಕಾಗಿಲ್ಲ. ನಿಮ್ಮ ಪಕ್ಕದ ಹೊಲದವರು "ನಾನಿಲ್ಲದಿದ್ದರೇ ವಾಸಿ" ಎಂದರೆ ತಮಾಷೆಯೆಂದು ಬಿಡಬೇಡಿ. ಸಾಯುವ ಯೋಚನೆ ಬಂದಿದೆಯೇ ಎಂದು ನೇರವಾಗಿ ಕೇಳಿ, ಕೇಳುವುದರಿಂದ ಕೇಡಾಗದು. ಅವರನ್ನು ಒಂಟಿಯಾಗಿ ಬಿಡದೆ, ಅವರ ಮನೆಯ ಔಷಧಿ ಡಬ್ಬಿಗಳನ್ನು ಅಂದೇ ಬೇರೆ ಮನೆಗೆ ಸಾಗಿಸಿ ಬೀಗ ಹಾಕಿಸಿ.