ಮೊದಲ ವ್ಯವಹಾರ ಪುಸ್ತಕ: ಬರೆಯುವ ಮುನ್ನ ಕಲಿಸಿ ನೋಡಿ

ಡೇಲ್ ಕಾರ್ನೆಗಿ 1912ರಲ್ಲಿ ನ್ಯೂಯಾರ್ಕಿನಲ್ಲಿ ಭಾಷಣ ಕಲೆಯ ಸಂಜೆ ತರಗತಿ ಆರಂಭಿಸಿದರು. ಜನರೊಡನೆ ವ್ಯವಹರಿಸುವ ಬಗೆ ಕುರಿತ ಅವರ ಪ್ರಸಿದ್ಧ ಪುಸ್ತಕ ಬಂದದ್ದು 1936ರಲ್ಲಿ. ವಿದ್ಯಾರ್ಥಿಗಳು ಸಲಹೆಗಳನ್ನು ಕೆಲಸದಲ್ಲಿ ಪ್ರಯೋಗಿಸಿ, ಫಲಿತಾಂಶವನ್ನು ತರಗತಿಯಲ್ಲಿ ಹೇಳುತ್ತಿದ್ದರು. ಪುಸ್ತಕ ಬೆಳೆದದ್ದು ಅಲ್ಲಿಂದಲೇ.

ನೀವೂ ಬರೆಯುವುದಾದರೆ ಹೀಗೆ ಯೋಜಿಸಿ:

1. ಓದುಗರು ಯಾರೆಂದು ನಿರ್ಧರಿಸಿ. ‘ಎಲ್ಲರಿಗೂ’ ಬೇಡ, ‘ಹೊಸದಾಗಿ ಕಿರಾಣಿ ಅಂಗಡಿ ಇಟ್ಟವರಿಗೆ’ ಎಂದಿರಲಿ.

2. ಅವರಿಂದಲೇ ಹತ್ತು ಪ್ರಶ್ನೆ ಕೇಳಿ ಬರೆದುಕೊಳ್ಳಿ. ಉದ್ರಿ ವಸೂಲಿ ಹೇಗೆ? ಮನೆಖರ್ಚನ್ನು ಅಂಗಡಿ ಲೆಕ್ಕದಿಂದ ಬೇರೆ ಇಡುವುದು ಹೇಗೆ? ಒಂದು ಪ್ರಶ್ನೆಗೆ ಒಂದು ಅಧ್ಯಾಯ.

3. ಪ್ರತಿ ಅಧ್ಯಾಯದಲ್ಲಿ ಸಮಸ್ಯೆ, ಉದಾಹರಣೆ, ಲೆಕ್ಕ ಮತ್ತು ನಾಳೆಯೇ ಮಾಡಬಹುದಾದ ಒಂದು ಕೆಲಸ ಇರಲಿ.

4. ಅಚ್ಚಿಗೆ ಮೊದಲು ಅಂಗಡಿಯವರೊಬ್ಬರಿಗೆ ಓದಿ ಹೇಳಿ. ಅವರಿಗೆ ಅರ್ಥವಾಗದ್ದನ್ನು ತಿದ್ದಿ.

ನಿಮ್ಮ ಮಾತು ನಂಬಿ ಹೂಡುವ ಹಣ ಇನ್ನೊಬ್ಬರ ದುಡಿಮೆ. ಪರೀಕ್ಷಿಸದ ಸಲಹೆಯನ್ನು ಬರೆಯದಿರಿ.