ಹಳೆಯ ಮನೆಯ ಮಾಳಿಗೆಯನ್ನು ತಂಪಾಗಿಸುವ ಬಗೆ

ರಾಯಚೂರು, ಕಲಬುರಗಿ, ಬಳ್ಳಾರಿ, ವಿಜಯಪುರ ಜಿಲ್ಲೆಗಳ ರೈತ ಬಾಂಧವರಿಗೆ ಏಪ್ರಿಲ್-ಮೇ ತಿಂಗಳ ಬಿಸಿಲಿನ ಪರಿಚಯ ಮಾಡಿಕೊಡಬೇಕಾಗಿಲ್ಲ. ನೆರಳಿನಲ್ಲಿಯೇ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟುವ ದಿನಗಳು ಅನೇಕ. ಹಗಲೆಲ್ಲ ಕಾದ ದೇಹಕ್ಕೆ ರಾತ್ರಿಯಾದರೂ ತಣಿಯಲು ಅವಕಾಶ ಸಿಗಬೇಕು. ಸಿಗದಿದ್ದರೆ ದುಡಿಯುವವರು ಸೊರಗುತ್ತಾರೆ. ವೃದ್ಧರಿಗೂ ಹಸುಗೂಸುಗಳಿಗೂ ಅದು ಪ್ರಾಣಾಪಾಯದ ಸಂಗತಿ. 2010ರ ಮೇ ತಿಂಗಳಿನ ಬಿಸಿಗಾಳಿಯಲ್ಲಿ ಅಹಮದಾಬಾದ್ ನಗರವೊಂದರಲ್ಲಿಯೇ ವಾಡಿಕೆಗಿಂತ 1,344 ಸಾವುಗಳು ಹೆಚ್ಚಾಗಿ ಸಂಭವಿಸಿದವು. 2013ರಲ್ಲಿ ಆ ನಗರವು ಬಿಸಿಲಿನ ತಾಪವನ್ನು ಎದುರಿಸಲು ಒಂದು ಯೋಜನೆಯನ್ನೇ ರೂಪಿಸಿತು. ನಮ್ಮ ನೆರೆಯ ತೆಲಂಗಾಣ ರಾಜ್ಯವು 2023ರಲ್ಲಿ ತಂಪು ಚಾವಣಿಗಳಿಗಾಗಿಯೇ ಒಂದು ನೀತಿಯನ್ನು ಪ್ರಕಟಿಸಿತು.

ಬೇಸಾಯ ಶಾಸ್ತ್ರದವನಿಗೆ ಮನೆಯ ಚಾವಣಿಯ ಗೊಡವೆ ಏಕೆ ಎಂದು ತಾವು ಕೇಳಬಹುದು. ನಮ್ಮ ಬಿತ್ತನೆ ಬೀಜ ಇರುವುದು ಆ ಚಾವಣಿಯ ಕೆಳಗೇ. ಬೀಜ ಸಂಗ್ರಹಣೆಯಲ್ಲಿ ಹ್ಯಾರಿಂಗ್‌ಟನ್ ಎಂಬ ವಿಜ್ಞಾನಿ ಹೇಳಿದ ಒಂದು ಸ್ಥೂಲ ನಿಯಮವಿದೆ. ಸಂಗ್ರಹಿಸಿದ ಸ್ಥಳದ ಉಷ್ಣಾಂಶ 5 ಡಿಗ್ರಿ ಕಡಿಮೆಯಾದರೆ ಬೀಜದ ಆಯುಷ್ಯ ಇಮ್ಮಡಿಯಾಗುತ್ತದೆ; ಬೀಜದ ತೇವಾಂಶ ಶೇ. 1ರಷ್ಟು ತಗ್ಗಿದರೂ ಹಾಗೆಯೇ ಇಮ್ಮಡಿಯಾಗುತ್ತದೆ. ಇದನ್ನು ತಿರುಗಿಸಿ ನೋಡಿರಿ. ಕೋಣೆ 10 ಡಿಗ್ರಿ ಹೆಚ್ಚು ಬಿಸಿಯಾದರೆ ಬೀಜದ ಆಯುಷ್ಯ ಕಾಲು ಭಾಗಕ್ಕೆ ಇಳಿಯುತ್ತದೆ. ಶೇಂಗಾದಂತಹ ಎಣ್ಣೆಕಾಳುಗಳ ಬೀಜ ಮೊದಲೇ ಬೇಗ ಮೊಳಕೆಯ ಶಕ್ತಿ ಕಳೆದುಕೊಳ್ಳುವಂಥದು. ಬೇಸಿಗೆ ಶೇಂಗಾವನ್ನು ಕಿತ್ತು ಒಣಗಿಸಿ, ಮುಂಗಾರಿಗೆಂದು ತಗಡಿನ ಚಾವಣಿಯ ಕೋಣೆಯಲ್ಲಿ ಇಟ್ಟವರು ಜೂನ್ ತಿಂಗಳಲ್ಲಿ ಮೊಳಕೆ ಕಾಣದೆ ಬೀಜದ ತಳಿಯನ್ನು ದೂರುತ್ತಾರೆ. ಎಷ್ಟೋ ಸಲ ದೂರಬೇಕಾದದ್ದು ತಳಿಯನ್ನಲ್ಲ, ತಗಡನ್ನು.

ಶಾಖ ಬರುವ ದಾರಿ

ಮನೆ ಬಿಸಿಯಾಯಿತೆಂದರೆ ಅನೇಕರು ಗೋಡೆಯ ಕಡೆ ನೋಡುತ್ತಾರೆ, ಇಲ್ಲವೇ ಇನ್ನೊಂದು ಫ್ಯಾನು ತರುತ್ತಾರೆ. ಒಂದೇ ಅಂತಸ್ತಿನ ಮನೆಯಲ್ಲಿ ಬೇಸಿಗೆಯ ಶಾಖದ ಹೆಚ್ಚಿನ ಪಾಲು ಬರುವುದು ಮೇಲಿನಿಂದ. ಕಲಬುರಗಿ ಇರುವುದು ಸುಮಾರು 17 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಮೇ ತಿಂಗಳ ಎರಡನೆಯ ವಾರದ ಹೊತ್ತಿಗೆ ಅಲ್ಲಿ ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿಯ ಮೇಲಿರುತ್ತಾನೆ. ಆಗ ದಕ್ಷಿಣದ ಗೋಡೆಗೆ ಬಿಸಿಲೇ ತಾಗುವುದಿಲ್ಲವೆಂದರೂ ನಡೆದೀತು. ಪೂರ್ವದ ಗೋಡೆಗೆ ಬೆಳಗಿನ ಬಿಸಿಲು, ಪಶ್ಚಿಮದ ಗೋಡೆಗೆ ಸಂಜೆಯ ಬಿಸಿಲು. ಚಾವಣಿಗೆ ಮಾತ್ರ ದಿನವಿಡೀ ಬಿಸಿಲು. ಆದುದರಿಂದ ಕೈಯಲ್ಲಿರುವ ಹಣ ಸ್ವಲ್ಪವೇ ಆಗಿದ್ದರೆ ಅದನ್ನೆಲ್ಲ ಚಾವಣಿಗೇ ಹಾಕಿರಿ. ಗೋಡೆಯ ಮಾತು ಆಮೇಲೆ.

ಇದರ ತತ್ವ ತಮಗೆ ಹೊಸದಲ್ಲ. ತೋಟದಲ್ಲಿ ಗಿಡದ ಬುಡಕ್ಕೆ ಒಣ ಹುಲ್ಲಿನ ಹೊದಿಕೆ ಹಾಸಿದಾಗ ಮಣ್ಣು ತಂಪಾಗಿರುವುದೇಕೆ? ಹುಲ್ಲಿನ ಕಡ್ಡಿಗಳ ನಡುವೆ ಸಿಕ್ಕಿಕೊಂಡು ಅಲುಗಾಡದೆ ನಿಂತ ಗಾಳಿ ಶಾಖವನ್ನು ಬಲು ನಿಧಾನವಾಗಿ ಕೆಳಕ್ಕೆ ಬಿಡುತ್ತದೆ. ಥರ್ಮೊಕೋಲ್ ಹಲಗೆಯಲ್ಲಿ, ಭತ್ತದ ಹೊಟ್ಟಿನಲ್ಲಿ, ಬೋರಲು ಹಾಕಿದ ಮಡಕೆಯಲ್ಲಿ ಕೆಲಸ ಮಾಡುವುದೂ ಇದೇ ನಿಂತ ಗಾಳಿ. ಕಾಂಕ್ರೀಟಿನ ಮೂಲಕ ಶಾಖ ಸಾಗುವ ವೇಗ ಥರ್ಮೊಕೋಲಿನ ಸುಮಾರು 40 ಪಟ್ಟು. ಎಂದರೆ 5 ಸೆಂ.ಮೀ. ದಪ್ಪದ ಥರ್ಮೊಕೋಲ್ ತಡೆಯುವಷ್ಟು ಶಾಖವನ್ನು ಕಾಂಕ್ರೀಟಿನಿಂದ ತಡೆಯಬೇಕಾದರೆ ಅದು 2 ಮೀಟರ್ ದಪ್ಪವಿರಬೇಕು! ತಾರಸಿ ದಪ್ಪವಾಗಿದ್ದರೆ ಮನೆ ತಂಪು ಎಂಬ ನಂಬಿಕೆ ಎಷ್ಟು ಹುಸಿಯೆಂಬುದು ಇದರಿಂದ ತಿಳಿಯುತ್ತದೆ.

ಮಣ್ಣಿನ ಮಾಳಿಗೆ: ಕೆಡವುವ ಮುನ್ನ

ನಮ್ಮ ಹಿರಿಯರು ತೊಲೆ, ಜಂತೆಗಳ ಮೇಲೆ ಹಲಗೆಯನ್ನೋ ಚಾಪೆಯನ್ನೋ ಹಾಸಿ, ಅದರ ಮೇಲೆ ಒಂದು ಅಡಿಯಷ್ಟು ಮಣ್ಣು ಹಾಕಿ ಕಟ್ಟಿದ ಮಾಳಿಗೆ ಮನೆಗಳನ್ನು ಈಗ ಒಂದೊಂದಾಗಿ ಕೆಡವಿ ತಗಡು ಹೊದಿಸುತ್ತಿರುವುದನ್ನು ಊರೂರಲ್ಲಿ ನೋಡುತ್ತಿದ್ದೇವೆ. ಸೋರುತ್ತದೆ ಎಂಬುದೇ ದೂರು. ಆದರೆ ಒಂದು ಅಡಿ ಮಣ್ಣಿನ ಮೂಲಕ ಮಧ್ಯಾಹ್ನದ ಶಾಖ ಒಳಗಿಳಿಯಲು ಎಂಟು-ಹತ್ತು ಗಂಟೆ ಬೇಕು. ಅಷ್ಟರಲ್ಲಿ ಹೊರಗೆ ರಾತ್ರಿಯ ತಂಪು ಗಾಳಿ ಬೀಸುತ್ತಿರುತ್ತದೆ. 10 ಸೆಂ.ಮೀ. ಕಾಂಕ್ರೀಟಿನಲ್ಲಿ ಇದಕ್ಕೆ ಸುಮಾರು ಮೂರು ಗಂಟೆ ಸಾಕು. ತಗಡಿನಲ್ಲಿ ಕೆಲವೇ ನಿಮಿಷ. ಸೋರಿಕೆಗೆ ಮದ್ದಿದೆ. ಮದ್ದು ಮಾಡದೆ ಮಾಳಿಗೆಯನ್ನೇ ತೆಗೆಯುವುದು ನೆಗಡಿಗೆ ಮೂಗು ಕೊಯ್ದಂತೆ.

ಮಾಳಿಗೆಯ ಮೇಲ್ಪದರಕ್ಕೆ ಹಿಂದಿನವರು ಚೌಳು ಮಣ್ಣನ್ನೇ ಹುಡುಕಿ ತರುತ್ತಿದ್ದರು. ಇದರ ಹಿಂದಿನ ವಿಜ್ಞಾನ ಬಹಳ ಸ್ವಾರಸ್ಯವಾದುದು. ಕ್ಷಾರ ಮಣ್ಣಿನಲ್ಲಿ ಸೋಡಿಯಂ ಅಂಶ ಹೆಚ್ಚು. ಒದ್ದೆಯಾದಾಗ ಸೋಡಿಯಂನಿಂದ ಜೇಡಿಯ ಕಣಗಳು ಬಿಡಿಬಿಡಿಯಾಗಿ ಚದುರಿ, ಮಣ್ಣಿನ ಸಣ್ಣ ರಂಧ್ರಗಳನ್ನೆಲ್ಲ ಮುಚ್ಚುತ್ತವೆ. ಮೇಲೆ ಬಿದ್ದ ನೀರು ಕೆಳಗಿಳಿಯುವುದಿಲ್ಲ. ಹೊಲದಲ್ಲಿ ನೀರು ಇಂಗದಂತೆ ಮಾಡಿ ಬೆಳೆಯನ್ನು ಕೆಡಿಸುವ ಗುಣ ಮಾಳಿಗೆಯ ಮೇಲೆ ಮನೆಯನ್ನು ಕಾಯುತ್ತದೆ. ಹೊಲಕ್ಕೆ ಜಿಪ್ಸಂ ಹಾಕಿ ಈ ಗುಣವನ್ನು ತೆಗೆಯಿರಿ ಎಂದು ಹೇಳುವ ನಾವೇ ಮಾಳಿಗೆಗೆ ಅದನ್ನು ಉಳಿಸಿಕೊಳ್ಳಿರಿ ಎನ್ನುತ್ತೇವೆ. ಎರೆ ಮಣ್ಣನ್ನು ಮಾತ್ರ ಮೇಲ್ಪದರಕ್ಕೆ ಬಳಸಬೇಡಿರಿ. ಅದು ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ, ಮೊದಲ ಮಳೆಯ ನೀರೆಲ್ಲ ಆ ಬಿರುಕಿನಲ್ಲಿ ಇಳಿಯುತ್ತದೆ.

ಸೋರಿಕೆಗೆ ಸಾಮಾನ್ಯವಾಗಿ ಕಾರಣವಾಗುವುದು ಇಲಿಯ ಬಿಲ, ಮಾಳಿಗೆಯ ಮೇಲೆ ಬೆಳೆದ ಹುಲ್ಲಿನ ಬೇರು, ಮತ್ತು ನೀರು ನಿಲ್ಲುವ ತಗ್ಗು. ಹುಲ್ಲನ್ನು ಬೀಜ ಕಟ್ಟುವ ಮೊದಲೇ ಬೇರು ಸಹಿತ ಕಿತ್ತು, ಬಿಲಗಳನ್ನು ಅಗೆದು ಹದವಾದ ಮಣ್ಣಿನಿಂದ ಗಟ್ಟಿಸಬೇಕು. 40 ಅಡಿಗೆ 1 ಅಡಿಯಂತೆ ಇಳಿಜಾರು ಇರಲಿ, ನೀರು ಹೊರಹೋಗುವ ದೋಣಿ ಗೋಡೆಯಿಂದ ಒಂದೂವರೆ ಅಡಿಯಾದರೂ ಮುಂದೆ ಚಾಚಿರಲಿ.

ಇಲ್ಲಿ ಒಂದು ಎಚ್ಚರಿಕೆ ಅತ್ಯಗತ್ಯ. ಹಳೆಯ ಮಣ್ಣನ್ನು ತೆಗೆಯದೆ ವರ್ಷ ವರ್ಷವೂ ಹೊಸ ಮಣ್ಣು ಏರಿಸುತ್ತ ಹೋದರೆ ಮಾಳಿಗೆಯ ಭಾರ ಬೆಳೆಯುತ್ತದೆ. ಒಂದು ಅಡಿ ದಪ್ಪದ ಒಣ ಮಣ್ಣೇ ಪ್ರತಿ ಚದರ ಮೀಟರಿಗೆ 480 ಕಿ.ಗ್ರಾಂ. ಹತ್ತಿರ ತೂಗುತ್ತದೆ; ನೆನೆದರೆ ಇನ್ನೂ ಹೆಚ್ಚು. 2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲ ವಾರದ ಅತಿವೃಷ್ಟಿಯಲ್ಲಿ ಉತ್ತರ ಕರ್ನಾಟಕದ ಮಣ್ಣಿನ ಮನೆಗಳು ಹೇಗೆ ಕುಸಿದವೆಂಬುದು ಎಲ್ಲರಿಗೂ ನೆನಪಿದೆ. ಆದ್ದರಿಂದ ಹೊಸ ಪದರ ಹಾಕುವ ಮುಂಚೆ ಅಷ್ಟೇ ದಪ್ಪದ ಹಳೆಯ ಮಣ್ಣನ್ನು ಕೆರೆದು ತೆಗೆಯಿರಿ. ತೊಲೆಯ ತುದಿಯನ್ನು, ಗೋಡೆಯೊಳಗೆ ಹೋಗುವ ಭಾಗವನ್ನು, ಚೂಪಾದ ಕಬ್ಬಿಣದಿಂದ ಚುಚ್ಚಿ ನೋಡಿರಿ. ಸಲೀಸಾಗಿ ಒಳಹೋದರೆ ಗೆದ್ದಲು ಹಿಡಿದಿದೆ ಎಂದರ್ಥ. ಆ ತೊಲೆಗೆ ಆಧಾರ ಕೊಡದೆ ಅದರ ಕೆಳಗೆ ಯಾರೂ ಮಲಗಬಾರದು. ಮಾಳಿಗೆಯ ಮೇಲೆ ಸಿಮೆಂಟ್ ಗಾರೆ ಬಳಿಯುವುದು ಬೇಡ. ಮಣ್ಣು ಹಿಗ್ಗಿ ಕುಗ್ಗುವ ರೀತಿಯೇ ಬೇರೆ, ಸಿಮೆಂಟಿನದೇ ಬೇರೆ. ಒಂದೆರಡು ಬೇಸಿಗೆ ಕಳೆಯುವುದರೊಳಗೆ ಬಿರುಕು ಕಾಣುತ್ತದೆ.

ಕಾಂಕ್ರೀಟ್ ತಾರಸಿ

ಮೂವತ್ತು-ನಲವತ್ತು ವರ್ಷದ ಹಿಂದೆ ಹಾಕಿದ ತಾರಸಿಗಳು ಈಗ ಕಪ್ಪುಗಟ್ಟಿವೆ. ಕಪ್ಪಾದಷ್ಟೂ ಬಿಸಿಲನ್ನು ಹೆಚ್ಚು ಹೀರುತ್ತವೆ. ಅತ್ಯಂತ ಅಗ್ಗದ ಉಪಾಯ ಸುಣ್ಣ. ಹೊಸದಾಗಿ ಬಳಿದ ಬಿಳಿ ಸುಣ್ಣ ತನ್ನ ಮೇಲೆ ಬಿದ್ದ ಬಿಸಿಲಿನ ಶೇ. 70ಕ್ಕಿಂತ ಹೆಚ್ಚು ಭಾಗವನ್ನು ಹಿಂದಕ್ಕೆ ಕಳಿಸುತ್ತದೆ. ತಾರಸಿಯನ್ನು ಗುಡಿಸಿ, ಪಾಚಿ ಉಜ್ಜಿ ತೊಳೆದು, ನೀರು ಚಿಮುಕಿಸಿ, 1 ಕಿ.ಗ್ರಾಂ. ಸುಣ್ಣಕ್ಕೆ ಸುಮಾರು 5 ಲೀಟರ್ ನೀರಿನಂತೆ ಅರಳಿಸಿ ಸೋಸಿದ ತಿಳಿಗೆ ಸ್ವಲ್ಪ ಅಂಟು ಸೇರಿಸಿ ಎರಡು-ಮೂರು ಸಲ ಬಳಿಯಿರಿ. ಸುಣ್ಣ ಅರಳುವಾಗ ಕುದಿಯುತ್ತದೆ. ಕಣ್ಣಿಗೆ ಸಿಡಿದರೆ ದೃಷ್ಟಿಗೇ ಅಪಾಯ, ಮಕ್ಕಳನ್ನು ದೂರವಿಡಿರಿ. ಮಳೆಗೆ ಸುಣ್ಣ ತೊಳೆದುಹೋಗುವುದರಿಂದ ಪ್ರತಿ ವರ್ಷ ಬಳಿಯಬೇಕು. ಅದನ್ನು ನಾನು ದೋಷವೆಂದು ಎಣಿಸುವುದಿಲ್ಲ. ಚಳಿಗಾಲದಲ್ಲಿ ಬಿಳುಪು ಬೇಕಾಗಿಯೂ ಇಲ್ಲ.

ಇನ್ನೂ ಹೆಚ್ಚು ತಂಪು ಬೇಕೆಂದರೆ ಸುಣ್ಣದ ಜೊತೆಗೆ ಶಾಖ ತಡೆಯುವ ಪದರ ಬೇಕು. ಈ ಪದರವನ್ನು ತಾರಸಿಯ ಮೇಲ್ಗಡೆ ಹಾಕುವುದೇ ಸರಿ. ಹಾಗೆ ಮಾಡಿದರೆ ಕಾಂಕ್ರೀಟು ಕಾಯುವುದೇ ಇಲ್ಲ. ಉತ್ತರ ಭಾರತದಲ್ಲಿ ಹುಲ್ಲು ಬೆರೆಸಿದ ಮಣ್ಣನ್ನು 10 ಸೆಂ.ಮೀ. ದಪ್ಪ ಹಾಕಿ ಮೇಲೆ ಇಟ್ಟಿಗೆ ಬಿಲ್ಲೆ ಹಾಸುವ ಪದ್ಧತಿ ಇದೆ. ಆದರೆ ಇದರಲ್ಲಿ ಮಣ್ಣೊಂದೇ ಚದರ ಮೀಟರಿಗೆ ಸುಮಾರು 160 ಕಿ.ಗ್ರಾಂ. ಭಾರ, ಬಿಲ್ಲೆಯ ಭಾರ ಬೇರೆ. ಓಡಾಡುವ ತಾರಸಿಗಳನ್ನು ಮಾಮೂಲಾಗಿ ಚದರ ಮೀಟರಿಗೆ 150 ಕಿ.ಗ್ರಾಂ. ಹೆಚ್ಚುವರಿ ಭಾರಕ್ಕೆಂದು ಲೆಕ್ಕ ಹಾಕಿ ಕಟ್ಟಿರುತ್ತಾರೆ. ಹಳೆಯ ತಾರಸಿಗೆ ಈ ಪದ್ಧತಿಯನ್ನು ಎಂಜಿನಿಯರರಿಗೆ ತೋರಿಸದೆ ಅನುಸರಿಸಬೇಡಿರಿ. ಒಳಗಡೆ ಗಾರೆ ಉಬ್ಬಿದ್ದರೆ, ತುಕ್ಕಿನ ಕಲೆ ಕಂಡರೆ, ಯಾವ ಭಾರವೂ ಬೇಡ. ಮೊದಲು ಕಂಬಿಯ ದುರಸ್ತಿಯಾಗಲಿ. 5 ಸೆಂ.ಮೀ. ಥರ್ಮೊಕೋಲ್ ಜಾತಿಯ ಗಟ್ಟಿ ಹಲಗೆಯ ಮೇಲೆ ತೆಳುವಾದ ಗಾರೆ ಹಾಗೂ ಬಿಳಿ ಬಿಲ್ಲೆ ಹಾಕಿಸುವುದು ಭಾರದಲ್ಲಿ ಹಗುರ, ಬೆಲೆಯಲ್ಲಿ ಹೆಚ್ಚು. ಕುಂಬಾರರು ಹತ್ತಿರ ಸಿಕ್ಕಿದರೆ ಸಣ್ಣ ಮಡಕೆಗಳನ್ನು ಒತ್ತೊತ್ತಾಗಿ ಬೋರಲು ಜೋಡಿಸಿ, ಸಂದಿಗೆ ಗಾರೆ ತುಂಬಿಸುವುದೂ ಒಳ್ಳೆಯ ಮಾರ್ಗ. ಅದರ ಭಾರವನ್ನೂ ಮೊದಲೇ ಲೆಕ್ಕ ಹಾಕಿಸಿರಿ.

ತಗಡಿನ ಮನೆ

ಹೊಳೆಯುವ ತಗಡು ಬಿಸಿಲನ್ನು ತಾನಾಗಿಯೇ ಹಿಂದಕ್ಕೆ ಕಳಿಸುವುದಿಲ್ಲವೇ? ಕಳಿಸುತ್ತದೆ, ನಿಜ. ಆದರೆ ಹೀರಿದ ಅಲ್ಪಸ್ವಲ್ಪ ಶಾಖವನ್ನು ಆಕಾಶಕ್ಕೆ ಬಿಟ್ಟುಕೊಡುವುದರಲ್ಲಿ ಹೊಳಪಿನ ಲೋಹ ಬಲು ಜಿಪುಣ. ಆದುದರಿಂದ ಅದು ಕಾಯುತ್ತಲೇ ಹೋಗುತ್ತದೆ. ಅದೇ ತಗಡಿಗೆ ಬಿಳಿ ಬಣ್ಣ ಹಚ್ಚಿದರೆ ಎರಡು ಕೆಲಸವೂ ಆಗುತ್ತದೆ. ಬರೀ ಸುಣ್ಣ ತಗಡಿಗೆ ಹಿಡಿಯುವುದಿಲ್ಲ. ಲೋಹಕ್ಕೆಂದೇ ಇರುವ ಬಣ್ಣ ಬೇಕು.

ಒಳಗೆ, ತಗಡಿನಿಂದ ಒಂದು ಗೇಣು ಕೆಳಗೆ, ಬಿದಿರು ತಟ್ಟಿಯ ಒಳಚಾವಣಿ ಕಟ್ಟಿರಿ. ಎರಡೂ ಕಡೆಯ ಗೋಡೆಯ ಮೇಲ್ತುದಿಯಲ್ಲಿ ಕಿಂಡಿ ಬಿಟ್ಟು ಜಾಲರಿ ಬಡಿದರೆ ನಡುವಿನ ಬಿಸಿಗಾಳಿ ಹೊರಗೆ ಹೋಗುತ್ತದೆ. ತಗಡಿನ ಮೇಲೆ ಸೊಪ್ಪು ಸದೆ ಹೊದಿಸುವವರೂ ಇದ್ದಾರೆ. ಜೋಳದ ಸೊಪ್ಪೆ ದನಗಳ ಬಾಯಿಗೆ ಸೇರಬೇಕಾದದ್ದು, ಮಾಳಿಗೆಗೆ ಏರಿಸುವುದು ಲಾಭವಲ್ಲ. ಹತ್ತಿ ಕಟ್ಟಿಗೆಯಂತೂ ಬೇಡವೇ ಬೇಡ. ಅದರಲ್ಲಿ ಉಳಿದ ಕಾಯಿಗಳಲ್ಲಿ ಗುಲಾಬಿ ಕಾಯಿಕೊರಕದ ಹುಳು ಅಡಗಿದ್ದು ಮುಂದಿನ ಬೆಳೆಗೆ ಬರುತ್ತದೆ. ತೆಂಗಿನ ಗರಿ ಅಥವಾ ತೊಗರಿ ಕಟ್ಟಿಗೆ ಆಗಬಹುದು. ಆದರೆ ಒಲೆಯ ಹೊಗೆಗೂಡು, ವಿದ್ಯುತ್ ತಂತಿ ಇರುವ ಕಡೆ ಒಣ ಹೊದಿಕೆ ಬೆಂಕಿಗೆ ಆಹ್ವಾನ. ಕಲ್ನಾರಿನ ಶೀಟುಗಳಿದ್ದರೆ ಕೊರೆಯುವುದು, ಉಜ್ಜುವುದು, ಒಡೆಯುವುದು ಕೂಡದು. ಅದರ ಧೂಳು ಶ್ವಾಸಕೋಶದ ಕ್ಯಾನ್ಸರಿಗೆ ಕಾರಣವಾಗುತ್ತದೆ.

ಕಿಟಕಿ ಮತ್ತು ಪಶ್ಚಿಮದ ಗೋಡೆ

ಒಣ ಹವೆಯ ಜಿಲ್ಲೆಗಳಲ್ಲಿ ಬೆಳಗಿನ ಒಂಬತ್ತು ಗಂಟೆಯಿಂದ ಸಂಜೆಯವರೆಗೆ ಕಿಟಕಿ ಮುಚ್ಚಿ, ಕತ್ತಲಾದ ಮೇಲೆ ಎಲ್ಲವನ್ನೂ ತೆರೆಯಿರಿ. ಮಾಳಿಗೆಯ ಬೆಳಕಿಂಡಿ ಇರುವುದೇ ರಾತ್ರಿಯ ಬಿಸಿಗಾಳಿ ಹೊರಹೋಗಲು. ಅದನ್ನು ಸಿಮೆಂಟ್ ಹಾಕಿ ಮುಚ್ಚಿಸಿದವರು ತೆಗೆಸಿ ಗಾಜಿನ ಮುಚ್ಚಳ ಇಡುವುದು ಮೇಲು. ಹಗಲು ತಗಡಿನ ಕೆಳಗಿನ ಕೋಣೆ ಹೊರಗಿನ ನೆರಳಿಗಿಂತಲೂ ಬಿಸಿಯಾದರೆ ಅದರ ಕಿಟಕಿ ತೆರೆದೇ ಇರಲಿ. ಕರಾವಳಿಯ ಹೆಂಚಿನ ಮನೆಗಳಿಗೆ ಈ ನಿಯಮ ಹೊಂದದು. ಅಲ್ಲಿನ ಆರ್ದ್ರ ಹವೆಯಲ್ಲಿ ಗಾಳಿ ಸದಾ ಆಡುತ್ತಿರಬೇಕು.

ಪಶ್ಚಿಮದ ಗೋಡೆಗೆ ನನ್ನ ಸಲಹೆ ಚಪ್ಪರ. ಗೋಡೆಯಿಂದ ಎರಡು ಅಡಿ ದೂರದಲ್ಲಿ ಹೀರೆ, ಸೋರೆ ಬಳ್ಳಿ ಹಬ್ಬಿಸಿದರೆ ಬಚ್ಚಲಿನ ನೀರೇ ಸಾಕು, ಕಾಯಿ ಮನೆಗೆ. ಬಳ್ಳಿಯ ನೀರು ಗೋಡೆಯ ಬುಡದಲ್ಲಿ ನಿಲ್ಲದಂತೆ ಪಾತಿಯನ್ನು ಹೊರಗೆ ಮಾಡಿರಿ. ಮಣ್ಣಿನ ಗೋಡೆಗೆ ಸಿಮೆಂಟ್ ಗಾರೆ ಹಾಕಿದರೆ ತೇವ ಒಳಗೇ ಸಿಕ್ಕಿ ಬುಡ ಸಡಿಲವಾಗುತ್ತದೆ. ಸುಣ್ಣದ ಗಾರೆ ಅಥವಾ ಸಗಣಿ ಬೆರೆತ ಮಣ್ಣೇ ಅದಕ್ಕೆ ತಕ್ಕುದು.

ಕೆಲಸದ ಕಾಲ

ಚಪ್ಪರದ ಬೀಜವನ್ನು ಜನವರಿಯಲ್ಲಿ ಊರಿದರೆ ಮಾರ್ಚ್ ಕೊನೆಗೆ ನೆರಳು ಸಿಗುತ್ತದೆ. ಸುಣ್ಣವನ್ನು ಶಿವರಾತ್ರಿಯಿಂದ ಯುಗಾದಿಯೊಳಗೆ ಬಳಿಯಿರಿ. ಮಾಳಿಗೆಯ ಮಣ್ಣಿನ ಕೆಲಸ ಸುಗ್ಗಿ ಮುಗಿದೊಡನೆ ಶುರುವಾಗಿ ಭರಣಿ ಮಳೆಗೆ ಮುಂಚೆ ಮುಗಿಯಲಿ. ಹೊಸ ಮಣ್ಣು ಚೆನ್ನಾಗಿ ಒಣಗಿ, ಬಿದ್ದ ಬಿರುಕುಗಳನ್ನು ಮತ್ತೊಮ್ಮೆ ತೇಯ್ದು ಮುಚ್ಚಲು ಎರಡು ವಾರವಾದರೂ ಬೇಕು. ಮಾಡಿದ ಕೆಲಸದ ಫಲ ತಿಳಿಯಲು ಒಂದು ಸಾದಾ ಉಷ್ಣಮಾಪಕವನ್ನು ಬೀಜದ ಕೋಣೆಯಲ್ಲಿ ಎದೆಯೆತ್ತರಕ್ಕೆ ತೂಗುಹಾಕಿ, ಕೆಲಸಕ್ಕೆ ಮುಂಚೆ ಒಂದು ವಾರ, ಆದ ಮೇಲೆ ಒಂದು ವಾರ, ದಿನವೂ ಮಧ್ಯಾಹ್ನ ನಾಲ್ಕು ಗಂಟೆಗೆ ಮತ್ತು ರಾತ್ರಿ ಒಂಬತ್ತಕ್ಕೆ ಬರೆದಿಡಿರಿ. ಹೊರಗಿನ ನೆರಳಿನ ಉಷ್ಣಾಂಶವನ್ನೂ ಪಕ್ಕದಲ್ಲಿ ಬರೆಯಿರಿ, ಇಲ್ಲವಾದರೆ ಹೋಲಿಕೆ ತಪ್ಪುತ್ತದೆ. ಶೇಂಗಾ ಬೀಜವನ್ನು ಕಾಯಿಯ ರೂಪದಲ್ಲಿಯೇ, ಚೆನ್ನಾಗಿ ಒಣಗಿಸಿ, ಚೀಲಗಳನ್ನು ಮರದ ಹಲಗೆಯ ಮೇಲೆ ಗೋಡೆಯಿಂದ ಒಂದು ಅಡಿ ದೂರವಿಟ್ಟು, ಮನೆಯಲ್ಲಿ ಎಲ್ಲಕ್ಕಿಂತ ತಂಪಾದ ಕೋಣೆಗೆ ಸಾಗಿಸಿರಿ. ಬಿತ್ತುವುದಕ್ಕೆ ಹತ್ತು ದಿನ ಮೊದಲು ನೂರು ಕಾಳು ಎಣಿಸಿ ಒದ್ದೆ ಗೋಣಿಯಲ್ಲಿ ಸುತ್ತಿ ಮೊಳಕೆ ಪರೀಕ್ಷಿಸಿರಿ.